'ದಿ ಎಕ್ಸ್‌ಪ್ಯಾನ್ಸ್' ಸರಣಿಯ 'ಬೆಲ್ಟರ್', 'ಇನ್ನರ್' ಎಂಬ ಹೆಸರುಗಳಿಗೆ ಕನ್ನಡದಲ್ಲಿ ಏನೆನ್ನೋಣ?

ಬಳಗದ ಹಿರಿಯರಿಗೂ ಗೆಳೆಯರಿಗೂ ನಮಸ್ಕಾರ.

'ದಿ ಎಕ್ಸ್‌ಪ್ಯಾನ್ಸ್' ಎಂಬ ವೈಜ್ಞಾನಿಕ ಕಾದಂಬರಿ ಮಾಲೆಯನ್ನು ಓದಿ, ಅದನ್ನು ಆಧರಿಸಿದ ಟಿವಿ ಸರಣಿಯನ್ನೂ ನೋಡಿ ಮೆಚ್ಚಿಕೊಂಡಿರುವ ನಾವು ಕೆಲವರು ಅದರ ಕಥೆ, ಪಾತ್ರ, ವಿಜ್ಞಾನಗಳ ಕುರಿತು ಕನ್ನಡದಲ್ಲಿಯೇ ಚರ್ಚಿಸುತ್ತ ಬಂದಿದ್ದೇವೆ. ಹಡಗು, ನಿಲ್ದಾಣ, ಯುದ್ಧ, ಸಂಧಾನ ಇವೆಲ್ಲಕ್ಕೂ ಕನ್ನಡದ ಮಾತು ಸಲೀಸಾಗಿ ಒದಗಿಬರುತ್ತದೆ. ತೊಡಕು ಬರುವುದು ಆ ಕಥೆಯ ಎರಡು ಜನವರ್ಗಗಳನ್ನು ಹೆಸರಿಸುವಲ್ಲಿ. 'ಬೆಲ್ಟರ್' ಮತ್ತು 'ಇನ್ನರ್' ಎಂಬುವಕ್ಕೆ ಥಟ್ಟನೆ ಹೊಳೆಯುವ ಕನ್ನಡ ಪದಗಳೆರಡೂ ಕಥೆಯ ಭಾವಕ್ಕೆ ಎದುರಾಗಿ ನಿಲ್ಲುತ್ತವೆ ಎಂಬುದು ನನ್ನ ಅನಿಸಿಕೆ. ಅದನ್ನು ವಿವರಿಸಿ ನಿಮ್ಮ ಅಭಿಪ್ರಾಯ ಕೇಳಲು ಇದನ್ನು ಬರೆಯುತ್ತಿದ್ದೇನೆ.

ಸರಣಿಯನ್ನು ನೋಡದವರಿಗಾಗಿ ಸ್ವಲ್ಪ ಹಿನ್ನೆಲೆ. ಡೇನಿಯಲ್ ಏಬ್ರಹಾಂ ಮತ್ತು ಟೈ ಫ್ರಾಂಕ್ ಎಂಬ ಇಬ್ಬರು ಅಮೆರಿಕನ್ ಲೇಖಕರು ಜೇಮ್ಸ್ ಎಸ್. ಎ. ಕೋರಿ ಎಂಬ ಒಂದೇ ಕಾವ್ಯನಾಮದಲ್ಲಿ 2011ರಿಂದ 2021ರವರೆಗೆ ಒಂಬತ್ತು ಕಾದಂಬರಿಗಳನ್ನು ಪ್ರಕಟಿಸಿದರು. ಟಿವಿ ಸರಣಿ 2015ರಲ್ಲಿ ಸೈಫೈ ವಾಹಿನಿಯಲ್ಲಿ ಆರಂಭವಾಯಿತು. 2018ರಲ್ಲಿ ಮೂರನೆಯ ಆವೃತ್ತಿಗೇ ಅದನ್ನು ನಿಲ್ಲಿಸುವುದೆಂದಾದಾಗ ಅಭಿಮಾನಿಗಳು ಸಹಿ ಸಂಗ್ರಹಿಸಿದರು, ಅಮೆಜಾನ್ ಕಚೇರಿಯ ಮೇಲೆ ಬ್ಯಾನರ್ ಕಟ್ಟಿದ ವಿಮಾನವನ್ನೂ ಹಾರಿಸಿದರು. ಅಮೆಜಾನ್ ಅದನ್ನು ಕೈಗೆತ್ತಿಕೊಂಡು ಇನ್ನೂ ಮೂರು ಆವೃತ್ತಿಗಳನ್ನು ತಂದಿತು. 2022ರ ಜನವರಿಯಲ್ಲಿ ಸರಣಿ ಮುಗಿಯಿತು.

ಕಥೆ ನಡೆಯುವುದು ಇನ್ನು ಕೆಲವು ಶತಮಾನಗಳ ಆಚೆ. ಭೂಮಿ ವಿಶ್ವಸಂಸ್ಥೆಯ ಆಡಳಿತದಲ್ಲಿದೆ, ಮಂಗಳ ಸ್ವತಂತ್ರವಾಗಿ ದೊಡ್ಡ ಸೇನಾಬಲ ಕಟ್ಟಿಕೊಂಡಿದೆ. ಮಂಗಳ ಮತ್ತು ಗುರುಗ್ರಹಗಳ ನಡುವಿನ ಬಂಡೆಗಳಲ್ಲಿ ಅದಿರು ತೆಗೆಯುವ, ದೂರದಿಂದ ಮಂಜುಗಡ್ಡೆ ಸಾಗಿಸುವ ದುಡಿಮೆಗಾರರು ಮೂರನೆಯ ಜನ; ಅವರೇ ಬೆಲ್ಟರ್‌ಗಳು. ಕುಡಿಯುವ ನೀರಿಗೂ ಉಸಿರಾಡುವ ಗಾಳಿಗೂ ಅವರು ಪರರ ಕೈ ಕಾಯಬೇಕು. ನೆಲದ ಸೆಳೆತ ಕಡಿಮೆಯಿರುವ ಕಡೆ ಹುಟ್ಟಿ ಬೆಳೆದು ಅವರ ಮೂಳೆ ಉದ್ದವಾಗಿ ತೆಳ್ಳಗಾಗಿದೆ. ಮೊದಲ ಸಂಚಿಕೆಯಲ್ಲಿಯೇ ಭೂಮಿಗೆ ಹಿಡಿದು ತಂದ ಒಬ್ಬ ಬೆಲ್ಟರ್‌ನನ್ನು ವಿಚಾರಿಸುವ ದೃಶ್ಯವಿದೆ. ಅವನಿಗೆ ಹೊಡೆತವಿಲ್ಲ, ಬಡಿತವಿಲ್ಲ. ತೋಳುಗಳನ್ನು ಮೇಲೆ ಸಿಕ್ಕಿಸಿ ನಿಲ್ಲಿಸಿದ್ದಾರೆ, ಅಷ್ಟೇ. ನಮಗೆ ತಿಳಿಯದಂತೆ ನಾವು ದಿನವೂ ಹೊತ್ತು ತಿರುಗುವ ಭೂಮಿಯ ತೂಕವೇ ಅವನಿಗೆ ಚಿತ್ರಹಿಂಸೆ. ಈ ದೃಶ್ಯ ಕಂಡವರಿಗೆ ಈ ಜನರ ಹೆಸರು ಎಷ್ಟು ಎಚ್ಚರದಿಂದ ಬರಬೇಕೆಂಬುದು ಗೊತ್ತಾಗುತ್ತದೆ.

ನಮ್ಮ ಪಠ್ಯಪುಸ್ತಕಗಳಲ್ಲಿ ಈ ಬಂಡೆಗಳಿಗೆ 'ಕ್ಷುದ್ರಗ್ರಹ' ಎಂಬ ಹೆಸರಿದೆ, ಅವುಗಳ ಸಾಲಿಗೆ, ಎಂದರೆ ಇಂಗ್ಲಿಷಿನ 'ಆಸ್ಟರಾಯ್ಡ್ ಬೆಲ್ಟ್'ಗೆ, 'ಕ್ಷುದ್ರಗ್ರಹ ಪಟ್ಟಿ' ಎನ್ನುತ್ತೇವೆ. ಸಂಸ್ಕೃತದಲ್ಲಿ ಕ್ಷುದ್ರ ಎಂದರೆ ಚಿಕ್ಕದು ಎಂಬ ಅರ್ಥ ಇದ್ದೇ ಇದೆ, ಖಗೋಳದ ಪಾಠಕ್ಕೆ ಅದು ಸಾಕು. ಆದರೆ ಕನ್ನಡದ ದಿನಬಳಕೆಯಲ್ಲಿ ಕ್ಷುದ್ರ ಎಂಬುದು ಹೀನಾರ್ಥದಲ್ಲೇ ನಿಂತುಬಿಟ್ಟಿದೆ: ಕ್ಷುದ್ರ ಬುದ್ಧಿ, ಕ್ಷುದ್ರ ರಾಜಕಾರಣ, ಕ್ಷುದ್ರ ಜಂತು, ಕ್ಷುದ್ರಶಕ್ತಿ. ಕಲ್ಲಿಗೆ ಆ ಹೆಸರಿಟ್ಟರೆ ಯಾರಿಗೂ ನೋವಿಲ್ಲ. ತಮ್ಮನ್ನು ಕೀಳಾಗಿ ಕಾಣುತ್ತಾರೆಂಬ ಸಂಕಟದಿಂದಲೇ ಬಂಡೇಳುವ ಜನರನ್ನು 'ಕ್ಷುದ್ರಗ್ರಹವಾಸಿಗಳು' ಎಂದು ಕರೆದರೆ ಅವರನ್ನು ತುಳಿದವರ ಮಾತನ್ನೇ ನಾವೂ ಆಡಿದಂತಾಗುತ್ತದೆ. ವಿಲಿಯಂ ಹರ್ಷೆಲ್ 1802ರಲ್ಲಿ ಬಳಕೆಗೆ ತಂದ 'ಆಸ್ಟರಾಯ್ಡ್' ಎಂಬ ಪದಕ್ಕೆ ನಕ್ಷತ್ರದಂತಿರುವುದು ಎಂದರ್ಥ; ಅದರಲ್ಲಿ ತುಚ್ಛಭಾವವೇನೂ ಇಲ್ಲ.

ಇದಕ್ಕೆ ಇನ್ನೊಂದು ಮುಖವೂ ಇದೆ. ಬೆಲ್ಟರ್‌ಗಳ ದೊಡ್ಡ ಪಟ್ಟಣವಿರುವ ಸೆರೆಸ್ ಅನ್ನು 2006ರಿಂದ ಕುಬ್ಜಗ್ರಹದ ಸಾಲಿಗೆ ಸೇರಿಸಲಾಗಿದೆ. ಅವರ ಮತ್ತೊಂದು ನೆಲೆಯಾದ ಈರೋಸ್ ವಾಸ್ತವದಲ್ಲಿ ಭೂಮಿಯ ಸಮೀಪಕ್ಕೆ ಬರುವ ಬಂಡೆ, ಪಟ್ಟಿಯೊಳಗಿನದಲ್ಲ. ಇನ್ನೂ ದೂರದ ಗ್ರಹಗಳ ಉಪಗ್ರಹಗಳಲ್ಲಿ ಬದುಕುವವರೂ ಕಥೆಯಲ್ಲಿ ಬೆಲ್ಟರ್‌ಗಳೇ. ಆದ್ದರಿಂದ ಅದು ಒಂದು ಜಾಗದ ಲೆಕ್ಕಕ್ಕಿಂತ ಒಂದು ಬಾಳುವೆಯ ಹೆಸರು. ಹಾಗಾಗಿ 'ಪಟ್ಟಿಯವರು' ಎಂಬ ಸೂಚನೆಯೂ ನನಗೆ ಒಗ್ಗಲಿಲ್ಲ; ಪಟ್ಟಿ ಎಂದೊಡನೆ ನಮಗೆ ಹೆಸರುಗಳ ಯಾದಿಯೇ ಮೊದಲು ನೆನಪಾಗುತ್ತದೆ. ಬಯಲುಸೀಮೆಯವರು, ಮಲೆನಾಡಿಗರು ಎನ್ನುವ ಹಾಗೆ ನೆಲದ ಗುಣವನ್ನೂ ಬದುಕಿನ ಬಗೆಯನ್ನೂ ಒಟ್ಟಿಗೆ ಹೇಳುವ ಹೆಸರು ಬೇಕು. ಅವರ ಸಣ್ಣ ಹಡಗುಗಳಿಗೆ 'ರಾಕ್ ಹಾಪರ್' ಎಂಬ ಹೆಸರಿದೆ, ಅವರ ಮಾತಿನಲ್ಲಿ ಕಲ್ಲು ಮತ್ತೆ ಮತ್ತೆ ಬರುತ್ತದೆ. ಅದಕ್ಕಾಗಿ 'ಕಲ್ಲುಸೀಮೆ', 'ಕಲ್ಲುಸೀಮೆಯವರು' ಎಂದು ನಾನು ಪ್ರಯೋಗಿಸಿ ನೋಡುತ್ತಿದ್ದೇನೆ. ಇಂಗ್ಲಿಷ್ ಹೆಸರನ್ನೇ ಉಳಿಸಿಕೊಂಡು 'ಬೆಲ್ಟಿನವರು' ಎನ್ನುವುದೂ ಆದೀತು, ಆದರೆ ಆ ಜನ ತಮ್ಮನ್ನು ತಾವೇ ಎದೆತಟ್ಟಿ ಕರೆದುಕೊಳ್ಳುವಾಗ ಅದಕ್ಕೆ ಕಸುವು ಸಾಲದು.

ಎರಡನೆಯ ಹೆಸರಿನ ತೊಡಕು ಇದಕ್ಕಿಂತ ಆಳದ್ದು. ಭೂಮಿ, ಮಂಗಳಗಳವರನ್ನು ಬೆಲ್ಟರ್‌ಗಳು 'ಇನ್ನರ್' ಎನ್ನುತ್ತಾರೆ, ಸೂರ್ಯನಿಗೆ ಹತ್ತಿರದ ಒಳಗ್ರಹಗಳವರು ಎಂಬ ಅರ್ಥದಲ್ಲಿ. ಅದನ್ನು 'ಒಳಗಿನವರು' ಎಂದರೆ ಭಾವ ಪೂರ್ತಿ ತಿರುಗಿಬೀಳುತ್ತದೆ. ಕನ್ನಡದಲ್ಲಿ ಒಳಗಿನವರು ಎಂದರೆ ನಮ್ಮವರು, ಮನೆಯವರು, ಗುಟ್ಟು ಬಲ್ಲವರು. ಹೊರಗಿನವರು ಎಂದರೆ ಪರಕೀಯರು. ಬೆಲ್ಟರ್ ಹುಡುಗನೊಬ್ಬ ಸಿಟ್ಟಿನಿಂದ 'ಇವನು ಒಳಗಿನವನು' ಎಂದು ಬೆರಳು ತೋರಿಸಿದರೆ ಕನ್ನಡದ ಓದುಗ ಅದನ್ನು ಆಪ್ತತೆ ಎಂದೇ ತಿಳಿಯುತ್ತಾನೆ. ನಮ್ಮ ಕರಾವಳಿಯವರ 'ಘಟ್ಟದ ಮೇಲಿನವರು' ಎಂಬ ಮಾತಿನಲ್ಲಿ ದಿಕ್ಕು, ಎತ್ತರ, ಸ್ವಲ್ಪ ಬೇರೆತನ ಎಲ್ಲವೂ ಒಟ್ಟಿಗೆ ಕೂಡಿಬಂದಿವೆ. ಅಂಥ ಮಾತೊಂದು ಇಲ್ಲಿ ಬೇಕಾಗಿದೆ.

ಇದಕ್ಕೆ ದಾರಿ ಆ ಸರಣಿಯ ಭಾಷೆಯಲ್ಲಿಯೇ ಇದೆ ಎಂದು ನನಗೆ ತೋರುತ್ತದೆ. ಕಾದಂಬರಿಗಳಲ್ಲಿ ಬೆಲ್ಟರ್‌ಗಳ ಮಾತು ಹಲವು ಭಾಷೆಗಳ ಚೂರುಗಳನ್ನು ಕಲಸಿದ ಮಿಶ್ರಣ. ಟಿವಿಗಾಗಿ ನಿಕ್ ಫಾರ್ಮರ್ ಎಂಬ ಭಾಷಾಶಾಸ್ತ್ರಜ್ಞರು ಅದಕ್ಕೊಂದು ವ್ಯಾಕರಣ ಕೊಟ್ಟು 'ಲಾಂಗ್ ಬೆಲ್ಟಾ' ಎಂಬ ಪೂರ್ಣ ಭಾಷೆಯಾಗಿ ರೂಪಿಸಿದರು. ಅದರಲ್ಲಿ ಅಣ್ಣತಮ್ಮನಿಗೆ 'ಬೆರಾತ್ನಾ', ನೀರಿಗೆ 'ಓಕ್ವಾ'. ವಾಕ್ಯದ ಕೊನೆಗೆ 'ಕೆ' ಸೇರಿಸಿದರೆ ಪ್ರಶ್ನೆ, 'ಸಾಸಾ ಕೆ?' ಎಂದರೆ ಗೊತ್ತಾಯ್ತಾ ಎಂದಂತೆ. ಅದೇ ಭಾಷೆಯಲ್ಲಿ 'ವೆಲ್‌ವಾಲಾ' ಎಂಬ ಬೈಗುಳವಿದೆ. ರಿಕ್ಷಾವಾಲಾ, ಹಣ್ಣುವಾಲಾ ಎಂದು ನಾವೂ ಬಳಸುವ ವಾಲಾ ಅದು. 'ವೆಲ್' ಎಂದರೆ ಇಂಗ್ಲಿಷಿನ ಬಾವಿ; ಗ್ರಹದ ಸೆಳೆತವನ್ನು ಮೀರಿ ಮೇಲೇಳುವುದು ಆಳದ ಬಾವಿಯಿಂದ ಹತ್ತಿಬಂದಂತೆ. ಆ ಸೆಳೆತದ ಬಾವಿಯಲ್ಲಿ ಕುಳಿತವನು ಎಂಬುದು ಅದರ ಮೂಲಾರ್ಥ. ಗ್ರಹಗಳವರ ಪಕ್ಷ ವಹಿಸಿ ತನ್ನವರಿಗೆ ಎರಡು ಬಗೆಯುವವನನ್ನೂ ಹಾಗೆ ಬೈಯುತ್ತಾರೆ. ಕನ್ನಡದಲ್ಲಿ ಇದನ್ನು ಬಾವಿಯವನು ಎಂದರೆ ಬಾವಿಯೊಳಗಿನ ಕಪ್ಪೆ ತಾನಾಗಿಯೇ ನೆನಪಿಗೆ ಬರುತ್ತದೆ. ಮೂಲದಲ್ಲಿ ಇಲ್ಲದ ಈ ನೆನಪು ಮೂಲದ ಭಾವವನ್ನು ಕೆಡಿಸದೆ ಬಲಗೊಳಿಸುತ್ತದೆ. ಒಳಗ್ರಹಗಳವರನ್ನು ಸಾಮಾನ್ಯವಾಗಿ 'ಬಾವಿಯವರು' ಎಂದೂ, ಅವರ ಕಡೆ ಸೇರಿದ ಬೆಲ್ಟರ್‌ನನ್ನು 'ಬಾವಿಬುರುಕ' ಎಂದೋ 'ಬಾವಿಗೆ ಬಿದ್ದವನು' ಎಂದೋ ಕರೆಯಬಹುದಲ್ಲವೇ? ಅಧಿಕೃತ ಸಂದರ್ಭಗಳಲ್ಲಿ 'ಒಳಗ್ರಹದವರು' ಎಂಬ ನಿರ್ಭಾವದ ಪದ ಸಾಕು.

ಬೆಲ್ಟರ್‌ಗಳು ತಮ್ಮನ್ನು ಕರೆದುಕೊಳ್ಳುವ ಮಾತು 'ಬೆಲ್ಟಾಲೋಡಾ'. ಸಭೆಗಳಲ್ಲಿ ಕೂಗಾಗಿ, ಸಾವಿನ ಮುಂದೆ ಸಮಾಧಾನವಾಗಿ ಅದು ಸರಣಿಯುದ್ದಕ್ಕೂ ಕೇಳಿಸುತ್ತದೆ. ಅದರಲ್ಲಿರುವ 'ಲೋಡಾ' ಬಹುತ್ವವನ್ನು ಸೂಚಿಸುವ ತುಣುಕು. 'ನಾವು' ಎಂಬುದಕ್ಕೆ ಅವರ ಪದ 'ಮಿಲೋಡಾ'. ಇದನ್ನು 'ನಾವು ಕಲ್ಲುಸೀಮೆಯವರು' ಎಂದು ಬರೆದರೆ ಅರ್ಥವೇನೋ ಬಂತು, ಆದರೆ ಎದುರಿಗಿರುವವನು ಆ 'ನಾವು' ಒಳಗೆ ಸೇರಿದವನೋ ಅಲ್ಲವೋ ಎಂಬುದು ಬರಲಿಲ್ಲ. ಕಥೆಯ ಮುಖ್ಯ ಪಾತ್ರಗಳಿರುವ ರೋಸಿನಾಂಟೆ ಹಡಗಿನಲ್ಲಿ ನೇಯೋಮಿ ಒಬ್ಬಳೇ ಬೆಲ್ಟರ್. ಹೋಲ್ಡನ್ ಮತ್ತು ಏಮಸ್ ಭೂಮಿಯವರು, ಅಲೆಕ್ಸ್ ಮಂಗಳದವನು. ಅವಳು ಒಮ್ಮೆ ಹಡಗಿನವರನ್ನೆಲ್ಲ ಸೇರಿಸಿಕೊಂಡು ನಾವು ಎನ್ನುತ್ತಾಳೆ, ಇನ್ನೊಮ್ಮೆ ಅವರನ್ನು ಹೊರಗಿಟ್ಟು ತನ್ನ ಜನರನ್ನು ನಾವು ಎನ್ನುತ್ತಾಳೆ. ಅವಳ ಕಥೆಯ ನೋವೆಲ್ಲ ಈ ಎರಡು 'ನಾವು'ಗಳ ನಡುವೆಯೇ ಇದೆ. ತುಳುವಿನಲ್ಲಿ ಕೇಳುಗನನ್ನು ಸೇರಿಸಿಕೊಂಡ ನಾವು 'ನಮ', ಅವನನ್ನು ಬಿಟ್ಟ ನಾವು 'ಎಂಕುಲು' ಎಂದು ಎರಡಿವೆ. ತೆಲುಗಿನಲ್ಲಿ 'ಮನಂ', 'ಮೇಮು' ಇವೆ. ಕಥೆಯಲ್ಲಿ ಭೂಮಿಯ ರಾಜಕಾರಣವನ್ನು ನಡೆಸುವ ಕ್ರಿಸ್ಜೆನ್ ಅವಸರಾಲಳ ಮನೆತನದ ಹೆಸರೇ ತೆಲುಗಿನದು ಎಂಬುದು ಇಲ್ಲಿ ನೆನಪಾಗುತ್ತದೆ. ಹವ್ಯಕರ ಕನ್ನಡದಲ್ಲಿಯೂ 'ನಾವು', 'ಎಂಗೊ' ಎಂಬ ಭೇದ ಉಳಿದಿದೆ. ಇಂದಿನ ಬರಹಗನ್ನಡದಲ್ಲಿ ಮಾತ್ರ ಅದಿಲ್ಲ. 'ನಮ್ಮವರು', 'ನಾವು ನಾವೇ', 'ನಮ್ಮ ಪೈಕಿ' ಎಂಬ ನುಡಿಗಟ್ಟುಗಳಿಂದ ಇದನ್ನು ತುಂಬಿಸಿಕೊಳ್ಳಬೇಕೇ, ಅಥವಾ ಬೆಲ್ಟಾಲೋಡಾ ಎಂಬುದನ್ನು ಹಾಗೆಯೇ ಉಳಿಸಿಕೊಳ್ಳಬೇಕೇ? ಕೂಗಿಗೆ ಮೂಲಪದವೇ ಇರಲಿ, ಮಾತುಕತೆಯಲ್ಲಿ 'ನಮ್ಮವರು' ಬರಲಿ ಎಂಬುದು ಸದ್ಯಕ್ಕೆ ನನ್ನ ಒಲವು.

ತೂಕದ ವಿಚಾರದಲ್ಲಿಯೂ ಒಂದು ಮಾತು. ಸೆರೆಸ್ ಅನ್ನು ತಿರುಗಿಸಿ ಒಳಗಿರುವವರಿಗೆ ತೂಕ ಬರುವಂತೆ ಮಾಡಲಾಗಿದೆ. ಹಡಗುಗಳಲ್ಲಿ ಎಂಜಿನ್ ನೂಕುವಾಗ ಮಾತ್ರ ತೂಕ ಬರುತ್ತದೆ, ಎಂಜಿನ್ ಇರುವ ಕಡೆಯೇ ಕೆಳಗು. ಸೆರೆಸ್‌ನಲ್ಲಿ ಒಂದು ಪುಟ್ಟ ಹಕ್ಕಿ ಆಗೊಮ್ಮೆ ಈಗೊಮ್ಮೆ ರೆಕ್ಕೆ ಬಡಿದು ಗಾಳಿಯಲ್ಲಿ ತೇಲಿಕೊಂಡೇ ಇರುವುದನ್ನು ಒಂದೇ ಕ್ಷಣ ತೋರಿಸುತ್ತಾರೆ. ಅಲ್ಲಿನ ತೂಕ ಎಷ್ಟು ಕಡಿಮೆಯೆಂದು ಹೇಳಲು ಬೇರೆ ಮಾತೇ ಬೇಕಾಗುವುದಿಲ್ಲ. ತಿರುಗುವುದರಿಂದ ಬರುವ ತೂಕ, ಎಂಜಿನ್ ನೂಕುವುದರಿಂದ ಬರುವ ತೂಕ ಇವೆರಡನ್ನೂ 'ಗುರುತ್ವಾಕರ್ಷಣೆ' ಎನ್ನುವುದು ಸರಿಯಲ್ಲ, ಏಕೆಂದರೆ ಇಲ್ಲಿ ಆಕರ್ಷಣೆ ಎಂಬುದೇ ಇಲ್ಲ. ಗುರುತ್ವ ಎಂದಷ್ಟೇ ಅಂದರೆ ಭಾರವಾಗಿರುವಿಕೆ, ಅದು ತಪ್ಪಲ್ಲ. ಆದರೂ ಪಾತ್ರಗಳ ಬಾಯಲ್ಲಿ 'ತಿರುಗುತೂಕ', 'ನೂಕುತೂಕ' ಎಂಬ ಜೋಡುಪದಗಳು ಹೆಚ್ಚು ಸಹಜವಾಗಿ ಕೇಳಿಸುತ್ತವೆ.

ಹಡಗಿನ ಮುಖ್ಯಸ್ಥನಿಗೆ ಬೆಲ್ಟರ್‌ಗಳು 'ಬಾಸ್‌ಮಾಂಗ್' ಎನ್ನುತ್ತಾರೆ. ಕ್ಯಾಪ್ಟನ್ ಎಂಬ ಪದದಲ್ಲಿರುವ ಸೇನೆಯ ಬಿಗಿ ಅದರಲ್ಲಿ ಇಲ್ಲ. ನಮ್ಮ ಕರಾವಳಿಯ ಮೀನುಗಾರಿಕೆ ಬೋಟುಗಳಲ್ಲಿ ದೋಣಿ ನಡೆಸುವ ಮುಖ್ಯಸ್ಥನಿಗೆ 'ತಾಂಡೇಲ' ಎಂಬ ಹೆಸರಿದೆ. ಜೊತೆಯವರ ನಡುವೆಯೇ ದುಡಿಯುತ್ತ, ಅಪಾಯದ ಹೊತ್ತಿನಲ್ಲಿ ಎಲ್ಲರೂ ಮಾತು ಕೇಳುವ ಆ ಸ್ಥಾನ ಬಾಸ್‌ಮಾಂಗ್‌ಗೆ ಬಹಳ ಹತ್ತಿರವಾದುದು.

ಕೊನೆಗೆ ನಾನು ನಿಮ್ಮನ್ನು ಕೇಳುವುದು ಇವಿಷ್ಟು. 'ಕಲ್ಲುಸೀಮೆಯವರು' ಎಂಬುದು ಕಿವಿಗೆ ಹಿತವಾಗಿದೆಯೇ, ಅಥವಾ ಅದರಲ್ಲಿ ಬರಡುತನದ ಸೂಚನೆಯೇ ಹೆಚ್ಚಾಗಿ ಕಾಣುತ್ತದೆಯೇ? 'ಬಾವಿಯವರು' ಎಂಬುದು ವಿವರಣೆ ಇಲ್ಲದೆ ಹೊಸ ಓದುಗರಿಗೆ ತಲುಪೀತೇ? ಹವ್ಯಕ ಮಾತೃಭಾಷೆಯವರು 'ಎಂಗೊ' ಎಂಬುದನ್ನು ಸಿಟ್ಟಿನ ಅಥವಾ ಜಂಬದ ಮಾತಿನಲ್ಲಿ ಹೇಗೆ ಬಳಸುತ್ತಾರೆ ಎಂಬುದಕ್ಕೆ ಒಂದೆರಡು ವಾಕ್ಯಗಳನ್ನು ಬರೆದು ಕಳುಹಿಸಿದರೆ ಬಹಳ ಉಪಕಾರವಾಗುತ್ತದೆ. ಹಾಗೆಯೇ ಮಲ್ಪೆ, ಮಂಗಳೂರು, ಕಾರವಾರ ಕಡೆಯವರು, ಬೋಟಿನಲ್ಲಿ ತಾಂಡೇಲನನ್ನು ಎದುರಿಗೆ ಕರೆಯುವಾಗ ಆ ಹೆಸರಿನಿಂದಲೇ ಕರೆಯುತ್ತಾರೋ, ಅಣ್ಣ ಎಂದು ಕರೆಯುತ್ತಾರೋ ಎಂಬುದನ್ನು ದಯವಿಟ್ಟು ತಿಳಿಸಿ.