ಏಕಸ್ವಾಮ್ಯವಿರುವ ಮಾರಾಟಗಾರ ಎಷ್ಟು ಬೇಕಾದರೂ ಬೆಲೆ ಇಡಬಹುದೇ?

ಪ್ರಶ್ನೆ

ಹತ್ತಿರದ ಬದಲಿ ಸರಕಿಲ್ಲದ ವಸ್ತುವಿಗೆ ಒಬ್ಬನೇ ಮಾರಾಟಗಾರನಿದ್ದು, ಹೊಸಬರ ಪ್ರವೇಶಕ್ಕೆ ದಾರಿಯೇ ಇಲ್ಲದ ಮಾರುಕಟ್ಟೆಯನ್ನು ಶುದ್ಧ ಏಕಸ್ವಾಮ್ಯ ಎನ್ನುತ್ತಾರೆ. ಅಲ್ಲಿ ಬೆಲೆಯನ್ನು ಅವನೇ ನಿರ್ಧರಿಸುತ್ತಾನೆ ಎಂದಮೇಲೆ, ಮನಸ್ಸಿಗೆ ಬಂದಷ್ಟು ಏರಿಸದಂತೆ ಅವನನ್ನು ತಡೆಯುವುದು ಏನು? ನಿಜವಾದ ಉದಾಹರಣೆಯೊಂದಿಗೆ ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ 1

ಬೆಲೆ ಅವನ ಕೈಯಲ್ಲಿದೆ, ಬೇಡಿಕೆ ಅವನ ಕೈಯಲ್ಲಿಲ್ಲ. 10 ರೂಪಾಯಿಗೆ 5 ವಸ್ತು, 9 ರೂಪಾಯಿಗೆ 6 ವಸ್ತು ಮಾರಾಟವಾಗುತ್ತವೆ ಎಂದಿಟ್ಟುಕೊಳ್ಳಿ. ಒಟ್ಟು ಆದಾಯ 50ರಿಂದ 54ಕ್ಕೆ ಏರುತ್ತದೆ. ಆರನೆಯದನ್ನು 9 ರೂಪಾಯಿಗೆ ಮಾರಿದರೂ, ಮೊದಲಿನ ಐದರ ಮೇಲೂ ತಲಾ ಒಂದು ರೂಪಾಯಿ ಬಿಟ್ಟುಕೊಡಬೇಕಾದ್ದರಿಂದ, ಅವನಿಗೆ ದಕ್ಕುವ ಸೀಮಾಂತ ಆದಾಯ, ಅಂದರೆ ಇನ್ನೊಂದು ವಸ್ತು ಮಾರಿದ್ದರಿಂದ ಸೇರುವ ಆದಾಯ, 4 ರೂಪಾಯಿ ಮಾತ್ರ. ಅದನ್ನು ತಯಾರಿಸಲು 5 ರೂಪಾಯಿ ತಗಲುವುದಾದರೆ ಅವನು ತಯಾರಿಸುವುದೇ ಇಲ್ಲ, 9 ರೂಪಾಯಿ ಕೊಡಲು ಸಿದ್ಧನಿದ್ದ ಗ್ರಾಹಕ ಬರಿಗೈಯಲ್ಲಿ ಮರಳುತ್ತಾನೆ. ಏಕಸ್ವಾಮ್ಯದಿಂದ ಸಮಾಜಕ್ಕಾಗುವ ನಿಜವಾದ ನಷ್ಟ ಇದೇ ಎಂಬುದು ನನ್ನ ಅಭಿಪ್ರಾಯ. ಸೀಮಾಂತ ಆದಾಯವೂ ಸೀಮಾಂತ ವೆಚ್ಚವೂ (ಇನ್ನೊಂದು ವಸ್ತು ತಯಾರಿಸಲು ತಗಲುವ ವೆಚ್ಚ) ಸಮವಾಗುವ ಹಂತವನ್ನು ದಾಟಿ ಬೆಲೆ ಏರಿಸಿದರೆ, ಮಾರಾಟ ಕುಸಿದು ಲಾಭವೇ ಇಳಿಯುತ್ತದೆ.

ಉತ್ತರ 2

ಉದಾಹರಣೆಗೆ ನಮ್ಮ ಶ್ರೀಗಂಧವನ್ನೇ ನೋಡಿ. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು, ಅಂದರೆ ಅರಸನಿಗಷ್ಟೇ ಹಕ್ಕಿರುವ ಮರವೆಂದು, ಘೋಷಿಸಿದ. ಆ ಹಕ್ಕು ಮುಂದೆ ಮೈಸೂರು ಅರಸರಿಗೂ, ಆಮೇಲೆ ರಾಜ್ಯ ಸರ್ಕಾರಕ್ಕೂ ಬಂತು. ಇಷ್ಟು ಗಟ್ಟಿಯಾದ ಏಕಸ್ವಾಮ್ಯವೂ ಕೊಳ್ಳುವವರಿಲ್ಲದಾಗ ನಿರುಪಯುಕ್ತವಾಯಿತು: ಮೊದಲ ಮಹಾಯುದ್ಧದಲ್ಲಿ ಯುರೋಪಿನ ದಾರಿ ಮುಚ್ಚಿದಾಗ ಕೊರಡುಗಳು ಮಾರಾಟವಾಗದೆ ಉಳಿದವು, 1916ರಲ್ಲಿ ಸಂಸ್ಥಾನವೇ ಗಂಧದೆಣ್ಣೆ ತೆಗೆಯಲು ಆರಂಭಿಸಬೇಕಾಯಿತು.

ನನ್ನನ್ನು ಹೆಚ್ಚು ಕಾಡುವುದು ಬೆಳೆಗಾರನ ಕಡೆಯ ಕಥೆ. ಹೊಲದ ಬದುವಿನಲ್ಲಿ ತಾನಾಗಿ ಹುಟ್ಟಿದ ಮರವೂ ರೈತನದಲ್ಲ, ಕಳವಾದರೆ ವಿಚಾರಣೆ ಮಾತ್ರ ಅವನಿಗೆ ಎಂದಾದಮೇಲೆ, ಅವನು ಸಸಿಯನ್ನು ಕಾಪಾಡುವುದಾದರೂ ಏಕೆ? ಕಾಡಿನಲ್ಲಿ ಕಳ್ಳಸಾಗಣೆ ಬೆಳೆಯಿತು, ಮರ ಕರಗಿತು. 2001ರ ಅರಣ್ಯ ಕಾಯ್ದೆಯ ತಿದ್ದುಪಡಿ ಜಮೀನಿನ ಒಡೆಯನಿಗೇ ಮರದ ಒಡೆತನ ಕೊಟ್ಟಿತಾದರೂ, ಆ ಹೊತ್ತಿಗೆ ಪಶ್ಚಿಮ ಆಸ್ಟ್ರೇಲಿಯಾದಲ್ಲಿ ನಮ್ಮದೇ ಜಾತಿಯ ಶ್ರೀಗಂಧದ ತೋಟಗಳು ಎದ್ದಿದ್ದವು. ಸುಗಂಧ ಉದ್ಯಮಕ್ಕೆ ಕೃತಕ ಪರಿಮಳವೂ ದೊರೆಯುತ್ತಿತ್ತು. ಬದಲಿ ಸರಕನ್ನು ಹುಟ್ಟಿಸುವುದು ಬಹಳ ಸಲ ಏಕಸ್ವಾಮ್ಯದ ಕೊರತೆ ಮತ್ತು ದುಬಾರಿ ಬೆಲೆಗಳೇ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಮನೆಯ ವಿದ್ಯುತ್ತಿಗೆ ಬದಲಿಯೇ ಇಲ್ಲವಲ್ಲ, ಅಲ್ಲಿ ಹೇಗೆ?

ಉತ್ತರ 3

ಒಂದೇ ಬೀದಿಯಲ್ಲಿ ಎರಡು ಕಂಪನಿಗಳು ಬೇರೆ ಬೇರೆ ಕಂಬ, ತಂತಿ ಹಾಕಿದರೆ ವೆಚ್ಚ ಇಮ್ಮಡಿಯಾಗುವುದರಿಂದ ಅದು ಸ್ವಾಭಾವಿಕ ಏಕಸ್ವಾಮ್ಯ. ಅದನ್ನು ಒಡೆಯುವ ಬದಲು ದರಕ್ಕೆ ಕಡಿವಾಣ ಹಾಕುತ್ತಾರೆ: ಬೆಸ್ಕಾಂನಂಥ ಕಂಪನಿಗಳು ವೆಚ್ಚದ ಲೆಕ್ಕ ಮುಂದಿಟ್ಟು ಬೇಡಿಕೆ ಸಲ್ಲಿಸಬೇಕು, ಕರ್ನಾಟಕ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗ ಸಾರ್ವಜನಿಕರ ಆಕ್ಷೇಪಣೆ ಆಲಿಸಿ ದರ ನಿಗದಿ ಮಾಡುತ್ತದೆ. ಆ ಆಕ್ಷೇಪಣೆಯನ್ನು ಸಾಮಾನ್ಯ ಗ್ರಾಹಕರೂ ಸಲ್ಲಿಸಬಹುದು.