ಫ್ರೆಂಚ್ ಇ-ಪುಸ್ತಕ: ಮಾಂಟ್ರಿಯಲ್ ಲೈಬ್ರರಿ ಕಾರ್ಡ್ ಮುಗಿಯುತ್ತಿದೆ, ಬೆಂಗಳೂರಿನಲ್ಲಿರುವ ಮಗಳಿಗೆ ಪುಸ್ತಕ ಎಲ್ಲಿಂದ ತರೋದು?

ಪುಟ್ಟಿಯಮ್ಮ (ಬೆಂಗಳೂರು):

ಎಲ್ಲರಿಗೂ ನಮಸ್ಕಾರ. ನಾವು ಕೆಲವು ವರ್ಷ ಮಾಂಟ್ರಿಯಲ್‌ನಲ್ಲಿದ್ದು ಈಗ ಊರಿಗೆ ವಾಪಸ್ ಬಂದಿದ್ದೇವೆ. ಮಗಳಿಗೆ 9 ವರ್ಷ. ಕ್ವಿಬೆಕ್‌ನಲ್ಲಿ 1977ರ ಭಾಷಾ ಕಾನೂನು ಇದೆಯಲ್ಲ, ಹೊರಗಿನಿಂದ ಹೋದವರ ಮಕ್ಕಳು ಸಾಮಾನ್ಯವಾಗಿ ಫ್ರೆಂಚ್ ಶಾಲೆಗೇ ಸೇರಬೇಕು. ಹಾಗಾಗಿ ಇವಳು ಮೊದಲು ಓದಲು ಕಲಿತದ್ದೇ ಫ್ರೆಂಚಿನಲ್ಲಿ. ಈಗ ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಇಂಗ್ಲಿಷ್. ಫ್ರೆಂಚ್ ಮಾತಾಡುವವರು ಸುತ್ತಮುತ್ತ ಯಾರೂ ಇಲ್ಲ. ಮಲಗುವ ಮುಂಚೆ ತಾನಾಗಿಯೇ ಒಂದು ಅಧ್ಯಾಯ ಓದುತ್ತಿದ್ದವಳು ಈಗ ಒಂದು ಪುಟಕ್ಕೇ ನಿಲ್ಲಿಸುತ್ತಾಳೆ. ಆ ಭಾಷೆ ಅವಳ ಕೈಬಿಟ್ಟು ಹೋಗಬಾರದು ಅನ್ನುವುದು ನನ್ನ ಆಸೆ.

ಸಮಸ್ಯೆ ಎರಡು. ಒಂದು, ಅಲ್ಲಿನ ಲೈಬ್ರರಿ ಖಾತೆ ಇನ್ನೂ ಸ್ವಲ್ಪ ದಿನ ನಡೆಯುತ್ತದೆ. ಮಗಳು ಕೇಳಿದ ಪುಸ್ತಕ ಎರವಲು ತೆಗೆದುಕೊಂಡೆ. ಡೌನ್‌ಲೋಡ್ ಆದ ಫೈಲಿನ ಕೊನೆಯಲ್ಲಿ ಎಸಿಎಸ್‌ಎಂ ಅಂತಿದೆ, ಬರೀ ಕೆಲವು ಕೆಬಿ. ಇ-ರೀಡರ್‌ಗೆ ಹಾಕಿದರೆ ಕಾಣುವುದೇ ಇಲ್ಲ. ನನ್ನ ಲ್ಯಾಪ್‌ಟಾಪಿನಲ್ಲಿ ಅಡೋಬಿ ಡಿಜಿಟಲ್ ಎಡಿಷನ್ಸ್ ಹಾಕಿ ತೆರೆದರೆ 'ಇ ಲಿಕ್ ಆಲ್‌ರೆಡಿ ಫುಲ್‌ಫಿಲ್ಡ್ ಬೈ ಅನದರ್ ಯೂಸರ್' ಅಂತ ಬರುತ್ತದೆ. ಅದಕ್ಕೆ ಮುಂಚೆ ಯಜಮಾನರ ಲ್ಯಾಪ್‌ಟಾಪಿನಲ್ಲಿ ತೆರೆದಿದ್ದೆವು.

ಎರಡು, ಖಾತೆ ನವೀಕರಿಸಲು ಕ್ವಿಬೆಕ್ ವಿಳಾಸದ ದಾಖಲೆ ಬೇಕಂತೆ. ಟೊರೊಂಟೊದಲ್ಲಿರುವ ನಮ್ಮ ಚಿಕ್ಕಪ್ಪನ ಮಗ ತನ್ನ ಕಾರ್ಡ್ ನಂಬರ್ ಕೊಡುತ್ತೇನೆ ಅಂತಿದ್ದಾನೆ. ಅದು ಸರಿಯಾ? ಬೇರೆ ದಾರಿ ಇದ್ದರೆ ದಯವಿಟ್ಟು ಹೇಳಿ. ಮಗನಿಗೆ 4 ವರ್ಷ, ಅವನಿಗೂ ಏನಾದರೂ ಸಿಕ್ಕರೆ ಒಳ್ಳೆಯದು.

ನೆಟ್‌ಗಾರ:

ವಿಪಿಎನ್ (ಬೇರೆ ದೇಶದಿಂದ ಲಾಗಿನ್ ಆದಂತೆ ತೋರಿಸುವ ಸೇವೆ) ಹಾಕಿ, ಕೆನಡಾ ಸರ್ವರ್ ಆರಿಸಿ ನೋಡಿ. ಬಹಳ ಕಡೆ ಇದೇ ಸಾಕಾಗುತ್ತೆ.

ಹಾಳೆಪರದೆ (ಮೈಸೂರು):

ಮೇಡಂ, ವಿಪಿಎನ್‌ಗೆ ದುಡ್ಡು ಕೊಡಬೇಡಿ. ಲೈಬ್ರರಿ ನೋಡುವುದು ನೀವು ಯಾವ ದೇಶದಿಂದ ಲಾಗಿನ್ ಆದಿರಿ ಅಂತಲ್ಲ, ಕಾರ್ಡ್ ಯಾವ ಊರಿನ ನಿವಾಸಿಯದ್ದು ಅಂತ. ನಿಮ್ಮ ಕಾರ್ಡ್ ಚಾಲ್ತಿಯಲ್ಲಿರುವಾಗ ಬೆಂಗಳೂರಿನಿಂದಲೇ ಪುಸ್ತಕ ಬಂತಲ್ಲ, ಅದೇ ಸಾಕ್ಷಿ. ಕಾರ್ಡಿನ ಅವಧಿ ಮುಗಿದ ಮೇಲೆ ಮಾಂಟ್ರಿಯಲ್‌ನಲ್ಲೇ ಕೂತು ಒತ್ತಿದರೂ ಬರುವುದಿಲ್ಲ. ಲೈಬ್ರರಿಗಳು ಪ್ರಕಾಶಕರಿಂದ ಇ-ಪುಸ್ತಕದ ಲೈಸೆನ್ಸ್ ಕೊಳ್ಳುವುದು ಆ ಊರಿನವರ ತೆರಿಗೆ ಹಣದಲ್ಲಿ. ಬಹಳಷ್ಟು ಲೈಸೆನ್ಸ್‌ಗಳಲ್ಲಿ ಒಂದು ಪ್ರತಿಯನ್ನು ಒಂದು ಸಲಕ್ಕೆ ಒಬ್ಬರೇ ಓದಬಹುದು, ಇಷ್ಟು ಎರವಲು ಅಥವಾ ಇಷ್ಟು ವರ್ಷ ಆದ ಮೇಲೆ ಮತ್ತೆ ಕೊಳ್ಳಬೇಕು. ವಿಳಾಸದ ದಾಖಲೆ ಕೇಳುವುದು ಅದಕ್ಕೇ. ನಿಮ್ಮ ಚಿಕ್ಕಪ್ಪನ ಮಗನ ಮನಸ್ಸು ದೊಡ್ಡದು, ಆದರೂ ಬೇಡ ಅನ್ನಿ. ಬಹುತೇಕ ಲೈಬ್ರರಿಗಳ ನಿಯಮದಲ್ಲಿ ಕಾರ್ಡ್ ಯಾರ ಹೆಸರಲ್ಲಿದೆಯೋ ಅವರೇ ಬಳಸಬೇಕು. ಸುಮ್ನೆ ಅವರ ಖಾತೆಗೆ ತೊಂದರೆ ಯಾಕೆ. ಹಕ್ಕಿನಿಂದ ಸಿಗುವ ದಾರಿಗಳು ಇವೆ, ಕೆಳಗೆ ಯಾರಾದರೂ ಹೇಳುತ್ತಾರೆ.

ಮೊದಲು ಆ ಫೈಲ್ ಸರಿಮಾಡೋಣ. ಎಸಿಎಸ್‌ಎಂ ಅಂದರೆ ಪುಸ್ತಕ ಅಲ್ಲ. ರೇಷನ್ ಅಂಗಡಿಯ ಚೀಟಿ ಇದ್ದ ಹಾಗೆ, ಅದನ್ನು ತೋರಿಸಿದರೆ ಸಾಮಾನು ಬರುತ್ತೆ. ಅಡೋಬಿ ಡಿಜಿಟಲ್ ಎಡಿಷನ್ಸ್ ಆ ಚೀಟಿ ತೋರಿಸಿ ಸರ್ವರ್‌ನಿಂದ ನಿಜವಾದ ಇಪಬ್, ಅಂದರೆ ಇ-ಪುಸ್ತಕದ ಫೈಲ್, ಇಳಿಸಿಕೊಳ್ಳುತ್ತದೆ. ಹಾಗೆ ಮೊದಲ ಸಲ ತೆರೆದಾಗ ಆ ಕಂಪ್ಯೂಟರಿನಲ್ಲಿ ಯಾವ ಅಡೋಬಿ ಐಡಿ (ಅಡೋಬಿ ಖಾತೆ) ಇತ್ತೋ ಅದಕ್ಕೇ ಪುಸ್ತಕ ಅಂಟಿಕೊಳ್ಳುತ್ತದೆ. ನಿಮ್ಮ ಯಜಮಾನರ ಲ್ಯಾಪ್‌ಟಾಪಿನಲ್ಲಿ ಬೇರೆ ಐಡಿ ಇದ್ದಿರಬೇಕು, ಇಲ್ಲವೇ ಐಡಿಯೇ ಇಲ್ಲದೆ ಆಥರೈಸ್ ಆಗಿರಬೇಕು, ಅಂದರೆ ಪುಸ್ತಕ ತೆರೆಯಲು ಆ ಕಂಪ್ಯೂಟರಿಗೆ ಅನುಮತಿ ಸಿಕ್ಕಿರಬೇಕು. ನೀವು ನೋಡಿದ ಸಂದೇಶ ಅದನ್ನೇ ಹೇಳುತ್ತಿದೆ.

ಅವರ ಲ್ಯಾಪ್‌ಟಾಪಿನಲ್ಲಿ ಹೆಲ್ಪ್ ಮೆನು ತೆರೆದು ಯಾವ ಐಡಿ ಅಂತ ನೋಡಿ. ಐಡಿ ಇದ್ದರೆ ಕೆಲಸ ಸುಲಭ. ನಿಮ್ಮ ಲ್ಯಾಪ್‌ಟಾಪಿನಲ್ಲಿ ಕಂಟ್ರೋಲ್, ಶಿಫ್ಟ್, ಡಿ ಮೂರನ್ನೂ ಒಟ್ಟಿಗೆ ಒತ್ತಿ, ಈಗಿರುವ ಆಥರೈಸೇಶನ್ ಅಳಿಸಿ. ಆಮೇಲೆ ಹೆಲ್ಪ್ ಮೆನುವಿನಿಂದ ಅದೇ ಐಡಿ ಹಾಕಿ ಮತ್ತೆ ಆಥರೈಸ್ ಮಾಡಿ, ಚೀಟಿ ತೆರೆಯಿರಿ. ಒಂದು ಐಡಿಗೆ 6 ಕಂಪ್ಯೂಟರ್‌ವರೆಗೆ ಅವಕಾಶ ಇದೆ, ಮನೆಮಂದಿಗೆಲ್ಲ ಒಂದೇ ಐಡಿ ಇಟ್ಟುಕೊಳ್ಳಿ. ಅಲ್ಲಿ ಐಡಿಯೇ ಇಲ್ಲದಿದ್ದರೆ, ಆ ಲ್ಯಾಪ್‌ಟಾಪಿನಲ್ಲಿ ಪುಸ್ತಕದ ಮೇಲೆ ರೈಟ್ ಕ್ಲಿಕ್ ಮಾಡಿ ವಾಪಸ್ ಕೊಟ್ಟುಬಿಡಿ. ಆಮೇಲೆ ಲೈಬ್ರರಿ ಸೈಟಿನಲ್ಲಿ ಹೊಸದಾಗಿ ಎರವಲು ತೆಗೆದುಕೊಂಡು, ನಿಮ್ಮ ಐಡಿಯಲ್ಲಿ ತೆರೆಯಿರಿ.

ಇ-ರೀಡರ್ ಯಾವುದು ಅಂತ ನೀವು ಬರೆದಿಲ್ಲ. ಕೋಬೊ ಆದರೆ ಯುಎಸ್‌ಬಿ ಕೇಬಲ್ ಚುಚ್ಚಿ, ಡಿಜಿಟಲ್ ಎಡಿಷನ್ಸ್‌ನ ಎಡಗಡೆ ಅದರ ಹೆಸರು ಕಂಡ ಮೇಲೆ ಪುಸ್ತಕವನ್ನು ಅದರ ಮೇಲೆ ಎಳೆದು ಬಿಡಿ. ಕಿಂಡಲ್ ಆದರೆ ಆಗುವುದಿಲ್ಲ, ಅಡೋಬಿ ಬೀಗ (ನಕಲು ಆಗದಂತೆ ಪುಸ್ತಕಕ್ಕೆ ಹಾಕಿದ ರಕ್ಷಣೆ) ಅದಕ್ಕೆ ತೆರೆಯಲು ಬರುವುದಿಲ್ಲ. ಕಿಂಡಲ್‌ಗೆ ಲೈಬ್ರರಿ ಪುಸ್ತಕ ಕಳಿಸುವ ಸೌಲಭ್ಯ ಅಮೆರಿಕದ ಲೈಬ್ರರಿಗಳಿಗೆ ಮಾತ್ರ ಇದೆ. ಆಗ ಟ್ಯಾಬ್ಲೆಟ್ಟೇ ಗತಿ.

ಗರೋನ್_ತೀರ (ತುಲೂಸ್):

ನಾನು ಫ್ರಾನ್ಸಿನಲ್ಲಿರುವವಳು, ಮೂಲ ಶಿವಮೊಗ್ಗ. ಅಕ್ಕ, ಎಸಿಎಸ್‌ಎಂ ಜೊತೆಗೆ ಇನ್ನೊಂದು ಬೀಗದ ಪರಿಚಯವೂ ನಿಮಗಿರಲಿ. ಇಲ್ಲಿನ ಲೈಬ್ರರಿಗಳಲ್ಲಿ ಈಗ ಎಲ್‌ಸಿಪಿ ಅನ್ನುವುದು ಜಾಸ್ತಿ. ಪ್ಯಾರಿಸ್‌ನ ಇಡಿಆರ್‌ಲ್ಯಾಬ್ ನೋಡಿಕೊಳ್ಳುವ ವ್ಯವಸ್ಥೆ ಅದು. ಅಡೋಬಿ ಐಡಿ ಬೇಡ, ಒಂದು ಪಾಸ್‌ವರ್ಡ್ ಸಾಕು. ಕಂಪ್ಯೂಟರಿನಲ್ಲಿ ಇ-ಪುಸ್ತಕ ಓದಲು ಥೋರಿಯಂ ರೀಡರ್ ಅನ್ನುವ ಸಾಫ್ಟ್‌ವೇರ್ ಇದೆ, ಅದೂ ಇಡಿಆರ್‌ಲ್ಯಾಬ್‌ನವರದ್ದೇ. ಉಚಿತ, ಜಾಹೀರಾತು ಇಲ್ಲ, ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತೆ. ನಿಮ್ಮ ಲೈಬ್ರರಿ ಎರಡೂ ಬಗೆ ಕೊಡುತ್ತಿದ್ದರೆ ಎಲ್‌ಸಿಪಿ ಆರಿಸಿ, ತಲೆನೋವು ಕಡಿಮೆ.

ಥೋರಿಯಂನಲ್ಲಿ ನನಗೆ ತುಂಬ ಇಷ್ಟವಾದದ್ದು ಗಟ್ಟಿಯಾಗಿ ಓದಿ ಹೇಳುವ ಸೌಲಭ್ಯ. ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ಸ್ಪೀಚ್ ಅನ್ನುವ ಕಡೆ ಹೋಗಿ ಫ್ರೆಂಚ್ ದನಿ ಸೇರಿಸಬೇಕು. ಸೇರಿಸದಿದ್ದರೆ ಇಂಗ್ಲಿಷ್ ದನಿಯೇ ಫ್ರೆಂಚ್ ಓದಿ, ಮಗುವಿನ ಕಿವಿ ಕೆಡುತ್ತೆ. ಮನೆಯಲ್ಲಿ ಫ್ರೆಂಚ್ ಬಲ್ಲವರಿಲ್ಲದಾಗ ಇದು ದೊಡ್ಡ ಸಹಾಯ. ಫ್ರೆಂಚಿನಲ್ಲಿ ಪದದ ಕೊನೆಯ ಅಕ್ಷರ ಒಂದು ಕಡೆ ಮೌನ, ಮುಂದೆ ಸ್ವರ ಬಂದರೆ ಅದೇ ಅಕ್ಷರಕ್ಕೆ ಜೀವ. ಅದು ಕಿವಿಯಿಂದಲೇ ಬರಬೇಕು.

ಇನ್ನೊಂದು ಸಣ್ಣ ವಿಷಯ. ನಿನ್ನೆ ತಂದ ಪುಸ್ತಕಕ್ಕೇ ಅವಧಿ ಮುಗಿದಿದೆ ಅಂತ ತೋರಿಸಿದರೆ ಮೊದಲು ಕಂಪ್ಯೂಟರಿನ ತಾರೀಖು, ಗಡಿಯಾರ ನೋಡಿ. ಎರವಲಿನ ಶುರು ಮತ್ತು ಕೊನೆಯ ದಿನವನ್ನು ಲೈಸೆನ್ಸ್ ಅದರ ಜೊತೆಗೇ ತಾಳೆ ಹಾಕುವುದು.

ಮೇಷ್ಟ್ರು_ಮಲ್ಲೇಶ್ವರ:

ನಾನು ಫ್ರೆಂಚ್ ಕಲಿಸುವವನು. ಪುಟ್ಟಿಯಮ್ಮ ಅವರೇ, ನಿಮ್ಮ ಎರಡನೆಯ ಸಮಸ್ಯೆಗೆ ಉತ್ತರ ನಿಮ್ಮ ಊರಿನಲ್ಲೇ ಇದೆ. ವಸಂತನಗರದಲ್ಲಿ ಫ್ರೆಂಚ್ ಭಾಷೆ, ಸಂಸ್ಕೃತಿಯ ಕೇಂದ್ರವಾದ ಅಲಿಯಾನ್ಸ್ ಫ್ರಾನ್ಸೇಸ್‌ಗೆ ಹೋಗಿ. ಅಲ್ಲಿ ಕ್ಲಾಸಿಗೆ ಸೇರಲೇಬೇಕು ಅಂತ ಬಹಳ ಜನ ಅಂದುಕೊಂಡಿದ್ದಾರೆ. ಹಾಗೇನಿಲ್ಲ, ಲೈಬ್ರರಿಗೆ ಮಾತ್ರ ಸದಸ್ಯರಾಗಬಹುದು. ಸದಸ್ಯತ್ವದ ಜೊತೆ ಕುಲ್ತೂರ್‌ತೆಕ್ ಅನ್ನುವ ಡಿಜಿಟಲ್ ಲೈಬ್ರರಿಯೂ ಸಿಗುತ್ತದೆ. ಫ್ರಾನ್ಸಿನ ಹೊರಗೆ ಇರುವ ಓದುಗರಿಗಾಗಿಯೇ ಫ್ರೆಂಚ್ ಸರ್ಕಾರದ ಸಾಂಸ್ಕೃತಿಕ ಸಂಸ್ಥೆ ನಡೆಸುವ ಲೈಬ್ರರಿ ಅದು. ಪುಸ್ತಕ, ಪತ್ರಿಕೆ, ಕಾಮಿಕ್ಸ್, ಸಂಗೀತ ಎಲ್ಲ ಇದೆ, ಮಕ್ಕಳಿಗೆ ಬೇರೆ ವಿಭಾಗವೇ ಇದೆ. ಇಲ್ಲಿ ನೀವು ಹೊರಗಿನವರಲ್ಲ, ನಿಮ್ಮಂಥವರಿಗಾಗಿಯೇ ಇರುವುದು. ಲಾಗಿನ್ ಬಂದ ಮೇಲೆ ಮನೆಯಿಂದಲೇ ಓದಬಹುದು.

ಆದರೆ ಲಾಗಿನ್ ತೆಗೆದುಕೊಂಡು ಮನೆಗೆ ಬಂದುಬಿಡಬೇಡಿ. ಮಗಳನ್ನೂ ಕರೆದುಕೊಂಡು ಹೋಗಿ, ಕಪಾಟಿನ ಮುಂದೆ ಬಿಡಿ. 9 ವರ್ಷದ ಮಗು ಪರದೆಯಲ್ಲಿ ಹುಡುಕುವುದು ತನಗೆ ಈಗಾಗಲೇ ಗೊತ್ತಿರುವ ಹೆಸರನ್ನು. ಕಪಾಟಿನಲ್ಲಾದರೆ ಗೊತ್ತಿಲ್ಲದ್ದು ಕಣ್ಣಿಗೆ ಬೀಳುತ್ತೆ. ಒಂದು ಸರಣಿಯ ಮೊದಲ ಪುಸ್ತಕ ಕೈಯಲ್ಲಿ ಹಿಡಿದು ಓದಿ ಇಷ್ಟವಾದರೆ, ಮುಂದಿನವನ್ನು ಅವಳೇ ಇ-ಪುಸ್ತಕವಾಗಿ ಹುಡುಕುತ್ತಾಳೆ. ಓದು ನಿಲ್ಲದಂತೆ ನೋಡಿಕೊಳ್ಳುವುದು ಸರಣಿ ಪುಸ್ತಕಗಳೇ. ದೊಡ್ಡವರಿಗೆ ಅವು ಹಗುರ ಅನ್ನಿಸಬಹುದು, ಆದರೂ ಬೇಡ ಅನ್ನಬೇಡಿ.

ಒಂದು ಪುಟಕ್ಕೇ ನಿಲ್ಲಿಸುತ್ತಾಳೆ ಅಂದಿರಲ್ಲ, ಅದಕ್ಕೆ ಕಾರಣ ಇರಬಹುದು. ಫ್ರೆಂಚ್ ಕಥೆಗಳಲ್ಲಿ ಪಾಸೆ ಸ್ಯಾಂಪ್ಲ್ ಅನ್ನುವ ಭೂತಕಾಲದ ರೂಪ ಬಳಸುತ್ತಾರೆ. ಮಾತಿನಲ್ಲಿ ಅದು ಬರುವುದೇ ಇಲ್ಲ, ಅಚ್ಚಿನಲ್ಲಿ ಮಾತ್ರ. ಮಕ್ಕಳು ಓದಿ ಓದಿಯೇ ಅದಕ್ಕೆ ಒಗ್ಗಬೇಕು, ಓದು ನಿಂತರೆ ಮೊದಲು ಮರೆತುಹೋಗುವುದೂ ಅದೇ. ಹಾಗಾಗಿ ಈಗ ಸ್ವಲ್ಪ ದಿನ ಕಾಮಿಕ್ಸ್ ಕೊಡಿ. ಅದರಲ್ಲಿ ಇರುವುದೆಲ್ಲ ಮಾತು, ಶಾಲೆಯ ಅಂಗಳದಲ್ಲಿ ಅವಳು ಕೇಳಿದ ಭಾಷೆಯೇ. ಓಟ ಬಂದ ಮೇಲೆ ಕಥೆ ಪುಸ್ತಕಕ್ಕೆ ಹೋಗಿ. ಅವಳ ವಯಸ್ಸಿಗಿಂತ ಒಂದು ಮೆಟ್ಟಿಲು ಕೆಳಗಿನದ್ದು ಕೊಟ್ಟರೂ ತಪ್ಪಿಲ್ಲ.

ಹಾಳೆಪರದೆ (ಮೈಸೂರು):

ಮೇಷ್ಟ್ರು ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಕಾಮಿಕ್ಸ್, ಚಿತ್ರಪುಸ್ತಕಗಳು ಬಹಳಷ್ಟು ಸಲ ಫಿಕ್ಸೆಡ್ ಲೇಔಟ್‌ನಲ್ಲಿರುತ್ತವೆ. ಅಕ್ಷರ ದೊಡ್ಡದು ಮಾಡಲು ಬರುವುದಿಲ್ಲ, ಇಡೀ ಪುಟವನ್ನೇ ಹಿಗ್ಗಿಸಿ ಅತ್ತ ಇತ್ತ ಜರುಗಿಸಬೇಕು. ಫೋನಿನಲ್ಲಿ ಕೊಟ್ಟರೆ ಮಗು ಎರಡು ನಿಮಿಷಕ್ಕೆ ಬಿಟ್ಟುಬಿಡುತ್ತೆ. 10 ಇಂಚಿನ ಟ್ಯಾಬ್ಲೆಟ್ಟೋ ಲ್ಯಾಪ್‌ಟಾಪೋ ಇರಲಿ. ಬರೀ ಅಕ್ಷರದ ಪುಸ್ತಕಕ್ಕೆ ಇ-ರೀಡರ್ ಚೆನ್ನ.

ಹಳೆಯ ಪುಸ್ತಕಗಳ ವಿಷಯ ಕೂಡ ಹೇಳಿಬಿಡುತ್ತೇನೆ. ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಸಾವಿರಾರು ಫ್ರೆಂಚ್ ಪುಸ್ತಕ ಇವೆ, ಫ್ರೆಂಚ್ ವಿಕಿಸೋರ್ಸ್‌ನಿಂದಲೂ ಇಪಬ್ ಇಳಿಸಬಹುದು. ಕಾರ್ಡ್ ಬೇಡ, ಬೀಗ ಇಲ್ಲ. ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗಾಲಿಕಾ ದೊಡ್ಡ ಭಂಡಾರ, ಆದರೆ ಅಲ್ಲಿ ಹೆಚ್ಚಿನವು ಸ್ಕ್ಯಾನ್ ಮಾಡಿದ ಪುಟಗಳು, ಮಗುವಿಗೆ ಕಷ್ಟ. ಲಿಟೆರಾತ್ಯೂರ್ ಓಡಿಯೊ ಸೈಟಿನಲ್ಲಿ ಸ್ವಯಂಸೇವಕರು ಓದಿದ ಆಡಿಯೊ ಪುಸ್ತಕ ಉಚಿತ. ಇವೆಲ್ಲ ಹೆಚ್ಚಾಗಿ ಹಕ್ಕಿನ ಅವಧಿ ಮುಗಿದವು. ಫ್ರಾನ್ಸಿನಲ್ಲಿ ಸಾಮಾನ್ಯವಾಗಿ ಲೇಖಕರು ತೀರಿಕೊಂಡ 70 ವರ್ಷದವರೆಗೆ ಹಕ್ಕು ಇರುತ್ತೆ, ನಮ್ಮಲ್ಲಿ 60. ಹಾಗಾಗಿ ಸಿಗುವುದು ಹಳೆಯ ಭಾಷೆ. ನೀವು ಜೊತೆಗೆ ಕೂತು ಕೇಳಿಸುವುದಕ್ಕೆ ಚೆನ್ನಾಗಿವೆ, ಅವಳೊಬ್ಬಳೇ ಓದಲು ಈಗಲೇ ಬೇಡ.

ಚಿಕ್ಕವನಿಗೆ ಸ್ಟೋರಿವೀವರ್ ನೋಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರು 2015ರಲ್ಲಿ ಶುರು ಮಾಡಿದ್ದು, ಪೂರ್ತಿ ಉಚಿತ. ಭಾಷೆಯಲ್ಲಿ ಫ್ರೆಂಚ್ ಆರಿಸಿ, ಹಂತ 1 ಅಥವಾ 2 ಇಡಿ. ಬಹಳಷ್ಟು ಕಥೆಗಳು ಕನ್ನಡದಲ್ಲೂ ಇವೆ, ಅದೇ ಚಿತ್ರ, ಅದೇ ಕಥೆ. ಅಕ್ಕ ಫ್ರೆಂಚಿನಲ್ಲಿ ಓದಲಿ, ನೀವು ಕನ್ನಡದಲ್ಲಿ ಓದಿ. ಅನುವಾದ ಮಾಡಿದವರು ಬೇರೆ ಬೇರೆ ಜನ, ಹಾಗಾಗಿ ಎಲ್ಲ ಒಂದೇ ಗುಣಮಟ್ಟದಲ್ಲಿಲ್ಲ. ಮೊದಲು ಅಕ್ಕನೇ ಓದಿ ಆರಿಸಲಿ.

ಪುಟ್ಟಿಯಮ್ಮ (ಬೆಂಗಳೂರು):

ಎಲ್ಲರಿಗೂ ತುಂಬ ಥ್ಯಾಂಕ್ಸ್. ಫೈಲ್ ತೆರೆಯಿತು! ಯಜಮಾನರ ಲ್ಯಾಪ್‌ಟಾಪಿನಲ್ಲಿ ಐಡಿಯೇ ಇರಲಿಲ್ಲ. ಅಲ್ಲಿಂದ ವಾಪಸ್ ಕೊಟ್ಟು, ಹೊಸದಾಗಿ ಎರವಲು ತೆಗೆದುಕೊಂಡು, ನನ್ನ ಐಡಿಯಲ್ಲಿ ತೆರೆದೆ. ಇ-ರೀಡರ್ ಕೋಬೊನೇ, ಎಳೆದು ಬಿಟ್ಟ ತಕ್ಷಣ ಬಂತು. ಥೋರಿಯಂಗೆ ಫ್ರೆಂಚ್ ದನಿಯನ್ನೂ ಹಾಕಿದೆ. ಅದು ಓದುತ್ತಿದ್ದರೆ ಮಗಳು ಜೊತೆಗೇ ಹೇಳುತ್ತಾಳೆ, ಆಮೇಲೆ "ನಮ್ಮ ಟೀಚರ್ ಹೀಗೆ ಹೇಳ್ತಿರ್ಲಿಲ್ಲಮ್ಮ" ಅಂತಾಳೆ.

ಮೇಷ್ಟ್ರು_ಮಲ್ಲೇಶ್ವರ:

ಸರಿಯಾಗೇ ಹೇಳಿದ್ದಾಳೆ. ಕ್ವಿಬೆಕ್ ಉಚ್ಚಾರ ಬೇರೆ, ಕಂಪ್ಯೂಟರಿನಲ್ಲಿರುವುದು ಪ್ಯಾರಿಸ್ ಕಡೆಯದ್ದು. ಅವಳದ್ದನ್ನು ತಿದ್ದಬೇಡಿ. ವಿಂಡೋಸ್‌ನಲ್ಲಿ ಭಾಷೆ ಸೇರಿಸುವಾಗ 'ಫ್ರೆಂಚ್, ಕೆನಡಾ' ಅಂತ ಬೇರೆಯೇ ಇದೆ, ಅದನ್ನು ಹಾಕಿಕೊಡಿ.

ಡಲ್ಲಾಸ್_ಕನ್ನಡತಿ:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಮಗ ಇಲ್ಲಿ ಫ್ರೆಂಚ್ ಇಮ್ಮರ್ಶನ್ ಶಾಲೆಗೆ (ಪಾಠಗಳನ್ನು ಫ್ರೆಂಚಿನಲ್ಲೇ ಕಲಿಸುವ ಶಾಲೆ) ಹೋಗುತ್ತಾನೆ. ನಮ್ಮ ಲೈಬ್ರರಿ ಲಿಬ್ಬಿ ಆ್ಯಪ್‌ನಲ್ಲಿದೆ. ಫ್ರೆಂಚ್ ಅಂತ ಹುಡುಕಿದರೆ ಬರೀ ವ್ಯಾಕರಣ, ಅಡುಗೆ, ಪ್ರವಾಸದ ಪುಸ್ತಕಗಳೇ ಬರುತ್ತವೆ. ಮಕ್ಕಳದ್ದು ಇಲ್ಲವೇ ಇಲ್ಲವಾ?

ಗರೋನ್_ತೀರ (ತುಲೂಸ್):

ಇದ್ದರೂ ಇರಬಹುದು, ನೀವು ಹುಡುಕಿದ ರೀತಿಗೆ ಸಿಕ್ಕಿಲ್ಲ. ಹುಡುಕುವ ಜಾಗದಲ್ಲಿ ಫ್ರೆಂಚ್ ಅಂತ ಬರೆದರೆ ಆ ಪದ ಹೆಸರಿನಲ್ಲಿರುವ ಇಂಗ್ಲಿಷ್ ಪುಸ್ತಕಗಳೇ ಮೇಲೆ ಬರುತ್ತವೆ. ಅಲ್ಲಿ ಏನೂ ಬರೆಯಬೇಡಿ. ಫಿಲ್ಟರ್ ತೆರೆದು ಭಾಷೆಯಲ್ಲಿ ಫ್ರೆಂಚ್, ಓದುಗರಲ್ಲಿ ಮಕ್ಕಳು ಆರಿಸಿ. ಇಲ್ಲವೇ ಫ್ರೆಂಚಿನಲ್ಲೇ ಸಾಧಾರಣ ಪದ ಬರೆದು ಹುಡುಕಿ: ಬೆಕ್ಕಿಗೆ 'ಶಾ', ಶಾಲೆಗೆ 'ಎಕೋಲ್', ಅವರ ಲಿಪಿಯಲ್ಲಿ. ಲಿಬ್ಬಿಯ ಪ್ರಿಫರೆನ್ಸಸ್‌ನಲ್ಲಿ ಇದೇ ಆಯ್ಕೆಗಳನ್ನು ಇಟ್ಟುಬಿಟ್ಟರೆ ಪ್ರತಿ ಸಲ ಮಾಡುವುದು ತಪ್ಪುತ್ತೆ. ಪಕ್ಕದ ಊರಿನ ಲೈಬ್ರರಿ ನಿಮಗೂ ಕಾರ್ಡ್ ಕೊಡುವುದಾದರೆ ಅದನ್ನೂ ಅದೇ ಆ್ಯಪ್‌ಗೆ ಸೇರಿಸಿ. ಒಂದು ಕಡೆ ಇಲ್ಲದ್ದು ಇನ್ನೊಂದು ಕಡೆ ಇರುತ್ತೆ.

ಡಲ್ಲಾಸ್_ಕನ್ನಡತಿ:

ಬಂತು! ಭಾಷೆ ಆರಿಸಿದ ಕೂಡಲೇ ಪರದೆ ತುಂಬ ಮಕ್ಕಳ ಪುಸ್ತಕ. ಆದರೆ ಮಗ ಓದುತ್ತಿರುವ ಸರಣಿಯ 1 ಮತ್ತು 2 ಇವೆ, 3 ಇಲ್ಲ.

ಗರೋನ್_ತೀರ (ತುಲೂಸ್):

ಲಿಬ್ಬಿಯಲ್ಲಿ ಆ ಪುಸ್ತಕ ಹುಡುಕಿ, ಲೈಬ್ರರಿಯಲ್ಲಿಲ್ಲದವನ್ನೂ ತೋರಿಸು ಅನ್ನುವ ಆಯ್ಕೆ ಒತ್ತಿ. 'ನೋಟಿಫೈ ಮಿ' ಅಂತ ಸಿಗುತ್ತೆ. ಒತ್ತಿಟ್ಟರೆ ಲೈಬ್ರರಿ ಕೊಂಡಾಗ ನಿಮಗೆ ತಿಳಿಸುತ್ತೆ, ಎಷ್ಟು ಜನ ಕೇಳಿದ್ದಾರೆ ಅಂತ ಲೈಬ್ರರಿಯವರಿಗೂ ಕಾಣುತ್ತೆ. ನಿಮ್ಮ ಶಾಲೆಯ ಉಳಿದ ತಂದೆತಾಯಿಯರಿಗೂ ಅದೇ ಪುಸ್ತಕಕ್ಕೆ ಒತ್ತಲು ಹೇಳಿ. ಜೊತೆಗೆ ಮಕ್ಕಳ ವಿಭಾಗದ ಲೈಬ್ರರಿಯನ್‌ಗೆ ಒಂದು ಮೇಲ್ ಹಾಕಿ, ಇಷ್ಟು ಮಕ್ಕಳು ಫ್ರೆಂಚಿನಲ್ಲಿ ಓದುತ್ತಾರೆ ಅಂತ ತರಗತಿಯ ಲೆಕ್ಕ ಸಮೇತ ಬರೆಯಿರಿ.