ಎಂಜಿನ್ ಬಿಚ್ಚಿ ಕಟ್ಟಿರೋ ಸ್ವಿಫ್ಟ್ ಡೀಸೆಲ್ ತಗೋಬಹುದಾ? ಅನುಭವ ಇದ್ದೋರು ಹೇಳಿ

ಹಾಸನದಲ್ಲಿ ಒಂದು 2013ರ ಸ್ವಿಫ್ಟ್ ವಿಡಿಐ ನೋಡಿದೀನಿ, ಸೆಕೆಂಡ್ ಓನರ್, ಮೀಟರ್‌ನಲ್ಲಿ 1.4 ಲಕ್ಷ ತೋರಿಸ್ತಿದೆ. ಹೋದ ವರ್ಷ ಎಂಜಿನ್ ಬೋರಿಗೆ ಬಂದಿತ್ತು (ಸಿಲಿಂಡರ್ ಸವೆದು ಮತ್ತೆ ಕೊರೆಸೋ ಹಾಗಾಗಿತ್ತು), ಫುಲ್ ಕೆಲಸ ಮಾಡಿಸಿದೀವಿ, ಈಗ ಹೊಸ ಎಂಜಿನ್ನೇ ಅನ್ಕೊಳ್ಳಿ ಅಂತ ಹೇಳಿ ರೇಟೂ ಜಾಸ್ತಿ ಕೇಳ್ತಿದಾರೆ. ನಮ್ಮಪ್ಪ ಬಿಚ್ಚಿದ ಗಾಡಿ ಬೇಡವೇ ಬೇಡ ಅಂತ ಕೂತಿದಾರೆ. ಇಂಥ ಗಾಡಿ ಇಟ್ಕೊಂಡಿರೋರು ಯಾರಾದ್ರೂ ಇದೀರಾ?

* * *

ನಂದು ಡಿಸೈರ್, ಇದೇ ಎಂಜಿನ್, ಬಿಚ್ಚಿ ಕಟ್ಟಿದ್ದೇ, ಚೆನ್ನಾಗೇ ಓಡ್ತಿದೆ. ನಿಮ್ಮಪ್ಪಂಗೆ ಹೇಳಿ, ಬಿಚ್ಚಿದ್ದು ತಪ್ಪಲ್ಲ, ಯಾಕೆ ಬಿಚ್ಚಿದ್ರು ಅನ್ನೋದೇ ಪ್ರಶ್ನೆ. ಇದು ಫಿಯಟ್‌ನವರ 1.3 ಮಲ್ಟಿಜೆಟ್, 1248 ಸಿಸಿ, ಟೈಮಿಗೆ ಸರಿಯಾಗಿ ಆಯಿಲ್ ಬದಲಾಯಿಸಿದ್ರೆ ಎರಡು ಲಕ್ಷ ದಾಟೋದು ಇದಕ್ಕೆ ದೊಡ್ಡ ವಿಷಯ ಅಲ್ಲ, ಟ್ಯಾಕ್ಸಿಯವರನ್ನ ಕೇಳಿ ನೋಡಿ. ಅಂಥದ್ದು 1.4 ಲಕ್ಷದೊಳಗೆ ಬೋರಿಗೆ ಬಂತು ಅಂದ್ರೆ ಆಯಿಲ್ ನೋಡ್ದೆ ಓಡಿಸಿದಾರೆ, ಇಲ್ಲಾ ಕೂಲೆಂಟ್ ಖಾಲಿಯಾಗಿ ಹೀಟ್ ಆಗಿದೆ, ಇಲ್ಲಾ ಮಳೇಲಿ ನೀರು ಎಳ್ಕೊಂಡು ಕನೆಕ್ಟಿಂಗ್ ರಾಡ್ ಬೆಂಡಾಗಿದೆ, ಅದೇನೂ ಅಲ್ಲ ಅಂದ್ರೆ ಮೀಟರೇ ಸುಳ್ಳು, ಸರ್ವಿಸ್ ಹಿಸ್ಟರಿ ತೆಗೆಸಿದ್ರೆ ಗೊತ್ತಾಗುತ್ತೆ. ಹೀಟ್ ಆಗಿದ್ದಾದ್ರೆ ಜಾಸ್ತಿ ಹುಷಾರಾಗಿರಿ, ಹೆಡ್ (ಎಂಜಿನ್ನಿನ ಮೇಲಿನ ಭಾಗ) ಬೆಂಡಾಗಿರಬಹುದು, ಸರಿಯಾಗಿ ಫೇಸಿಂಗ್, ಅಂದ್ರೆ ಉಜ್ಜಿ ಸಮ ಮಾಡಿಸ್ದೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದ್ರೆ ಮತ್ತೆ ಗ್ಯಾಸ್ಕೆಟ್ ಹೋಗುತ್ತೆ.

ಹಾಫ್ ಎಂಜಿನ್, ಫುಲ್ ಎಂಜಿನ್ ಅನ್ನೋ ಮಾತನ್ನ ನಂಬಬೇಡಿ, ಒಂದೊಂದು ಗ್ಯಾರೇಜಲ್ಲಿ ಒಂದೊಂದು ಲೆಕ್ಕ. ಬಿಲ್ ಕೇಳಿ. ಲೇತ್ (ಬೋರ್ ಕೊರೆಯೋ ಅಂಗಡಿ) ಬಿಲ್ಲಲ್ಲಿ ಬೋರ್ ಎಷ್ಟು ಸೈಜ್ ಹೆಚ್ಚಿಸಿದ್ರು, ಕ್ರ್ಯಾಂಕ್ ಗ್ರೈಂಡ್ ಆಗಿದ್ಯಾ ಅನ್ನೋದು ಇರುತ್ತೆ, ಸ್ಪೇರ್ಸ್ ಬಿಲ್ಲಲ್ಲಿ ಪಿಸ್ಟನ್, ರಿಂಗ್, ಬೇರಿಂಗ್ ಇರ್ಬೇಕು. ಇದಕ್ಕೆ ಬೆಲ್ಟ್ ಅಲ್ಲ, ಟೈಮಿಂಗ್ ಚೈನ್, ಅಷ್ಟೆಲ್ಲಾ ಬಿಚ್ಚಿದೋರು ಚೈನು, ಟೆನ್ಷನರ್ ಹಳೇದೇ ಹಾಕಿದ್ರೆ ದುಡ್ಡು ಉಳಿಸೋಕೆ ಕೆಲಸ ಮಾಡಿಸಿದಾರೆ ಅಂತಾನೇ ಅರ್ಥ. ಇನ್ನೊಂದು, ಹೊಸ ಎಂಜಿನ್ ಅಂತಾರಲ್ಲ, ಟರ್ಬೋ, ಇಂಜೆಕ್ಟರ್, ಹೈ ಪ್ರೆಶರ್ ಪಂಪ್ ಬದಲಾಯಿಸಿದಾರಾ ಕೇಳಿ. ಬೋರ್ ಕೆಲಸದಲ್ಲಿ ಅವು ಬರಲ್ಲ, ಮುಂದೆ ಜೇಬಿಗೆ ಕತ್ತರಿ ಹಾಕೋವೇ ಅವು.

* * *

ನೋಡ್ರಿ, ಎಲ್ಲಾಕಿಂತ ಮೊದ್ಲ ಆರ್‌ಸಿದಾಗಿನ ಎಂಜಿನ್ ನಂಬರ್ ಮತ್ತ ಬ್ಲಾಕ್ (ಸಿಲಿಂಡರ್ ಇರೋ ಎಂಜಿನ್ ಮೈ) ಮ್ಯಾಲಿನ ನಂಬರ್ ಒಂದ ಐತೇನು ನೋಡ್ರಿ. ಅದ ಬ್ಲಾಕ್ ಬೋರ್ ಮಾಡಿಸಿದ್ರ ನಂಬರ್ ಬದಲಾಗಂಗಿಲ್ಲ. ಖರೇ ತ್ರಾಸು ಗುಜರಿಯಿಂದ ಬ್ಯಾರೆ ಎಂಜಿನ್ ತಂದು ಕುಂದರಿಸಿದ ಗಾಡಿದು. ನಮ್ಮ ಕಾಕಾ ಹಂಥಾದ್ದೊಂದು ತಗೊಂಡಿದ್ರು, ಗಾಡಿ ಓಡಾಕೇನೂ ತಕರಾರಿರಲಿಲ್ಲ, ಮಾರಾಕ ಹೋದಾಗ ನಂಬರ್ ತಾಳೆ ಆಗಲಿಲ್ಲ, ಗಿರಾಕಿ ಅಡ್ವಾನ್ಸ್ ವಾಪಸ್ ತಗೊಂಡು ಹೋದ. ಎಂಜಿನ್ ಬದಲಿ ಮಾಡಿದ್ರ ಆರ್‌ಟಿಓದಾಗ ತೋರಿಸಿ ಆರ್‌ಸಿದಾಗ ಬರಸ್ಬೇಕ್ರಿ, ಆ ಎಂಜಿನ್ ಎಲ್ಲಿಂದ ಬಂತು ಅನ್ನೋ ಕಾಗದ ಬೇಕು. ಅದಿಲ್ಲಂದ್ರ ಕಳವು ಮಾಡಿದ ಗಾಡಿದಾದ್ರೂ ನಿಮಗ ತಿಳಿಯಂಗಿಲ್ಲ, ಇನ್ಶೂರೆನ್ಸ್ ಕ್ಲೇಮಿಗೂ ತಕರಾರು ತಗೀತಾರ.

* * *

ಕಾಗದ ಎಲ್ಲ ಸರಿ ಮಾರಾಯ್ರೆ, ಗಾಡಿ ನೋಡ್ಲಿಕ್ಕೆ ಬೆಳಿಗ್ಗೆ ಬೇಗ ಹೋಗಿ, ಸ್ಟಾರ್ಟ್ ಮಾಡಿ ಇಡ್ಬೇಡಿ ಅಂತ ಮೊದಲೇ ಹೇಳಿ, ಹೋದ ಕೂಡ್ಲೆ ಬಾನೆಟ್ ಮುಟ್ಟಿ, ಬಿಸಿ ಉಂಟಾದ್ರೆ ಏನೋ ಅಡಗಿಸ್ತಿದ್ದಾರೆ ಅಂತ ಲೆಕ್ಕ. ಸ್ಟಾರ್ಟಿಂಗಲ್ಲಿ ನೀಲಿ ಹೊಗೆ ಬಂದ್ರೆ ಆಯಿಲ್ ಸುಡ್ತದೆ. ಬಿಳಿ ಹೊಗೆ ಬಂದು ನಿಲ್ಲದಿದ್ರೆ ಕೂಲೆಂಟ್ ಒಳಗೆ ಹೋಗ್ತಿರ್ಬಹುದು. ಎಂಜಿನ್ ಓಡ್ತಿರುವಾಗ ಆಯಿಲ್ ಹಾಕುವ ಮುಚ್ಚಳ ತಿರುಗಿಸಿ ಅಲ್ಲೇ ಸುಮ್ಮನೆ ಇಡಿ, ಹೊಗೆ ಗುಪ್ಪಂತ ಬಂದು ಮುಚ್ಚಳ ಕುಣಿದ್ರೆ ಬ್ಯಾಕ್ ಕಂಪ್ರೆಶನ್ ಉಂಟು, ಅಂದ್ರೆ ರಿಂಗ್ ದಾಟಿ ಗ್ಯಾಸ್ ಕೆಳಗೆ ಸೋರ್ತದೆ, ಹೊಸ ರಿಂಗ್ ಹಾಕಿದ ಎಂಜಿನಲ್ಲಿ ಹಾಗೆ ಬರ್ಲಿಕ್ಕೇ ಬಾರದು. ಕೆಲವರು ಮಾರುವ ಮೊದಲು 20ಡಬ್ಲ್ಯೂ50 ದಪ್ಪ ಆಯಿಲ್ ಹಾಕಿ ಶಬ್ದ, ಹೊಗೆ ಎರಡನ್ನೂ ಮುಚ್ಚಿಸ್ತಾರೆ, ಹಾಗಾಗಿ ಯಾವ ಆಯಿಲ್ ಅಂತ ಕೇಳಿ ಡಿಪ್‌ಸ್ಟಿಕ್ ಎಳೆದು ನೋಡಿ. ಹಾಸನದ ಗಾಡಿ ಅಲ್ವಾ, ಓನರ್ ಒಪ್ಪಿದ್ರೆ ಶಿರಾಡಿ ಘಾಟಿ ಇಳಿದು ಎಸಿ ಹಾಕಿ ನಾಲ್ಕು ಜನ ಕೂತು ವಾಪಸ್ ಹತ್ತಿಸಿ, ಓಬಿಡಿ ಸ್ಕ್ಯಾನರ್ (ಗಾಡಿಗೆ ಸಿಕ್ಕಿಸಿ ಎಂಜಿನ್ ರೀಡಿಂಗ್ ನೋಡುವ ಸಾಧನ) ಇದ್ರೆ ಕೂಲೆಂಟ್ ಟೆಂಪರೇಚರ್ ನೋಡ್ತಾ ಇರಿ. ಊರೊಳಗೆ ಒಂದು ರೌಂಡ್ ಹೊಡೆದ್ರೆ ಏನೂ ಗೊತ್ತಾಗೂದಿಲ್ಲ.

* * *

ಎಲ್ರಿಗೂ ಥ್ಯಾಂಕ್ಸ್. ಈಗಷ್ಟೇ ಫೋನ್ ಮಾಡಿದ್ದೆ, ನಂಬರ್ ಅದೇ ಬ್ಲಾಕಿಂದು ಅಂತೆ, ಫೋಟೋ ಕಳಿಸಿದ್ರು, ಆರ್‌ಸಿಗೆ ಮ್ಯಾಚ್ ಆಗ್ತಿದೆ. ಆದ್ರೆ ಬಿಲ್ ಎಲ್ಲೋ ಕಳೆದುಹೋಗಿದೆ ಅಂತಿದಾರೆ.

* * *

ಬಿಲ್ ಕಳೆದ್ರೆ ಕಳೀಲಿ, ಲೇತ್ ಅಂಗಡಿ ಎಲ್ಲಿದೆ ಕೇಳಿ. ಹಾಸನದಲ್ಲೇ ಆಗಿದ್ರೆ ಗಾಡಿ ನೋಡೋ ದಿನಾನೇ ಹೋಗಿ ಮಾತಾಡಿ, ಮಾಡಿದ ಕೆಲಸ ಅವರಿಗೆ ನೆನಪಿರುತ್ತೆ. ಅಂಗಡಿ ಹೆಸರೂ ಹೇಳಲ್ಲ ಅಂದ್ರೆ ಎಂಜಿನ್ ಕೆಲಸಾನೇ ಆಗಿಲ್ಲ ಅಂತ ಲೆಕ್ಕ ಹಾಕಿ ರೇಟ್ ಮಾತಾಡಿ.